ಮುಂದಾನಾಳು ಬಂದ ಮಳೆ

ಮೈಲಾಪೂರದ ನಮ್ಮ ಬೀದಿಯಲ್ಲಿ ಆಗ ಮನೆಗೊಂದು ಬಾವಿಯಿತ್ತು. ಚಿತ್ತಿರೈ ಬಿಸಿಲಿಗೆ ಅದರ ತಳದ ಮರಳು ಕಾಣುತ್ತಿತ್ತು. ಐಪ್ಪಸಿ ತಿಂಗಳ ಮಳೆ ಹಿಡಿದರೆ ಬಗ್ಗಿ ನೋಡಿದವರ ಮುಖ ಕಾಣುವಷ್ಟು ನೀರು ಮೇಲೆ ಬರುತ್ತಿತ್ತು. ಕರ್ನಾಟಕದಲ್ಲಿ ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಚೆನ್ನೈಯಲ್ಲಿ ಮಳೆಗಾಲ ಶುರು. ಶಾಲೆಯ ನೀಲಿ ಪಾವಾಡೆ, ಅಂದರೆ ಉದ್ದ ಲಂಗ, ಮೂರು ದಿನವಾದರೂ ಒಣಗುತ್ತಿರಲಿಲ್ಲ. ಅಮ್ಮ ಅದನ್ನು ಇಸ್ತ್ರಿ ಹಾಕಿ ಒಣಗಿಸುವಾಗ ಏಳುವ ಹಬೆ, ಅಡುಗೆಮನೆಯ ಮೆಣಸಿನ ಸಾರಿನ ಘಾಟು, ಹಿತ್ತಿಲಲ್ಲಿ ಕೊಳೆಯುತ್ತಿದ್ದ ಬೇವಿನೆಲೆ, ಇವು ಸೇರಿ ಆ ತಿಂಗಳಿಗೆ ಅದರದೇ ಒಂದು ವಾಸನೆಯಿತ್ತು. ಹೊರಗೆ ಪಾಂಡಿ, ಅಂದರೆ ಕುಂಟೆಬಿಲ್ಲೆ, ಆಡಲು ಗೆರೆ ಎಳೆದರೆ ಮಳೆ ಅಳಿಸಿಬಿಡುತ್ತಿತ್ತು. ಅಂಥ ದಿನ ಅಜ್ಜಿ ಪಲ್ಲಾಂಗುಳಿ ಮಣೆ ತೆಗೆದು, ಹುಣಿಸೆ ಬೀಜ ಹಂಚಿ, ನನ್ನನ್ನು ಸೋಲಿಸಿ, ಸಂಜೆಯ ತನಕ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಳು.

ನನಗೆ ಆಗ ಹನ್ನೊಂದು ವರ್ಷ. ನಾವು ಮಾಧ್ವರು, ಮುತ್ತಜ್ಜನ ಕಾಲದಿಂದ ಮದರಾಸಿನಲ್ಲೇ ಇದ್ದವರು. ಮನೆಮಾತು ಕನ್ನಡ. ಆದರೆ ಅದರಲ್ಲಿ ಎಷ್ಟು ಭಾಗ ಕನ್ನಡ, ಎಷ್ಟು ತಮಿಳು ಎಂದು ನಾವು ಯಾರೂ ನೋಡಿರಲಿಲ್ಲ. ಕನ್ನಡ ಅಕ್ಷರ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಜ್ಜಿಯ ದೇವರ ಹಾಡಿನ ಪುಸ್ತಕದಲ್ಲಿ ಹಾಡು ಕನ್ನಡ, ಲಿಪಿ ತಮಿಳು.

ಆ ವರ್ಷ ಜೂನ್‌ನಲ್ಲಿ ನಮ್ಮ ಮಹಡಿಯ ಕೋಣೆಗೆ ವಸುಮತಿ ಅಕ್ಕ ಬಾಡಿಗೆಗೆ ಬಂದರು. ಮೈಸೂರಿನವರು, ವಯಸ್ಸು ಮೂವತ್ತರ ಆಸುಪಾಸು. ನೆಲದಡಿಯ ನೀರಿನ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಯಲ್ಲಿ ಕೆಲಸ. ಕಾಯಂ ಅಲ್ಲ, ಯೋಜನೆ ಇರುವಷ್ಟು ದಿನ. ಕನ್ನಡದವಳು ಎಂಬ ಒಂದೇ ಕಾರಣಕ್ಕೆ ಅಜ್ಜಿ ಎರಡನೇ ಮಾತಿಲ್ಲದೆ ಕೀಲಿಕೈ ಕೊಟ್ಟಿದ್ದಳು. ಮೊದಲ ದಿನ ಕೋಣೆ ತೋರಿಸುತ್ತಾ, "ಬಟ್ಟೆ ಒಣಗಿಸಕ್ಕೆ ಮೊಟ್ಟೆಮಾಡಿ ಇದೆ, ನೋಡ್ಕೋಮ್ಮಾ" ಎಂದಳು. ವಸುಮತಿ ಅಕ್ಕ ಚೀಲ ಕೆಳಗಿಟ್ಟು, "ಮಾಧ್ವರ ಮನೇಲಿ ಮೊಟ್ಟೆ ಮಾಡ್ತೀರಾ ಅಜ್ಜೀ?" ಎಂದು ಕೇಳಿದರು. ತಮಿಳಿನಲ್ಲಿ ಮೊಟ್ಟೆಮಾಡಿ ಎಂದರೆ ಮೇಲೆ ಏನೂ ಇಲ್ಲದ ಬೋಳು ತಾರಸಿ. ಅದು ಅರ್ಥವಾದ ಮೇಲೆ ಅವರು ನಗಲು ತೊಡಗಿ ನಿಲ್ಲಿಸಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಜ್ಜಿಗೆ ಮಾತ್ರ ಅದು ಹಿಡಿಸಲಿಲ್ಲ. ಮಡಿ ಮನೆಯಲ್ಲಿ ಆಡುವ ಮಾತಾ ಎಂದು ಎರಡು ದಿನ ಗೊಣಗಿದಳು.

ಮನೆಯಲ್ಲಿ ಮಾತು ಕನ್ನಡ, ಬರಹ ಯಾರಿಗೂ ಇಲ್ಲ ಎಂಬುದು ವಸುಮತಿ ಅಕ್ಕನಿಗೆ ಸಹಿಸಲಾಗಲಿಲ್ಲ. ಮೈಸೂರಿನಿಂದ ಒಂದನೇ ತರಗತಿಯ ಪುಸ್ತಕ ತರಿಸಿ ವಾರಕ್ಕೆ ಮೂರು ಸಂಜೆ ನನಗೆ ಅಕ್ಷರ ತಿದ್ದಿಸತೊಡಗಿದರು. ನಾನು ಅವರಿಗೆ ಬಾವಿ ಅಳೆದುಕೊಡುತ್ತಿದ್ದೆ. ಮಳೆ ಬಿದ್ದ ಎಷ್ಟು ಹೊತ್ತಿಗೆ ನೀರು ಮಣ್ಣಿನೊಳಗೆ ಇಳಿದು ಬಾವಿಗೆ ಬಂದು ಸೇರುತ್ತದೆ ಎಂದು ತಿಳಿಯುವುದು ಅವರ ಯೋಜನೆ. ದೇವಸ್ಥಾನದ ಕೊಳದ ಸುತ್ತಿನ ಬೇರೆ ಮನೆಗಳ ಬಾವಿಗಳನ್ನು ವಾರಕ್ಕೊಮ್ಮೆ ನೋಡುತ್ತಿದ್ದರು. ಅವರು ಇಲ್ಲೇ ಇದ್ದುದರಿಂದ ನಮ್ಮ ಬಾವಿಗೆ ದಿನವೂ ಅಳತೆ.

ಕೆಲಸ ಸುಲಭ. ತುದಿಗೆ ತೂಕ ಕಟ್ಟಿದ ಟೇಪನ್ನು ಬಾವಿಗೆ ಇಳಿಸಬೇಕು. ತೂಕ ನೀರಿಗೆ ತಗುಲಿದಾಗ 'ಪ್ಳಕ್' ಎಂದು ಸಣ್ಣ ಸದ್ದಾಗುತ್ತದೆ. ಆಗ ಕಟ್ಟೆಯ ಮೇಲೆ ಬಳಿದ ಕೆಂಪು ಗುರುತಿನ ನೇರಕ್ಕೆ ಟೇಪಿನಲ್ಲಿ ಯಾವ ಸಂಖ್ಯೆ ಇದೆಯೋ ಅದನ್ನು ಓದಬೇಕು. ನೀರು ಮೇಲೆ ಬಂದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ. ತಾರಸಿಯ ಮೇಲೆ ಮಳೆ ಹಿಡಿಯುವ ಗಾಜಿನ ಬಾಟಲಿಯಿತ್ತು, ಅದರ ಮೈಮೇಲೆ ಗೆರೆಗಳಿದ್ದವು. ಬಾವಿ ಎಷ್ಟು, ಮಳೆ ಎಷ್ಟು ಎಂದು ಎರಡನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟದಂತೆ ಬರೆಯಬೇಕು. ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದು ಚೀಲ ಎಸೆದವಳೇ ಹಿತ್ತಿಲಿಗೆ ಓಡುತ್ತಿದ್ದೆ. ಅಕ್ಕ ಇದ್ದರೆ ನಾನು ಕೂಗುವುದು, ಅವರು ಬರೆಯುವುದು.

ನವೆಂಬರ್ ಮೊದಲ ವಾರ ಮೈಸೂರಿನಿಂದ ಫೋನ್ ಬಂತು. ಅವರ ತಂದೆಗೆ ಹೃದಯದ ಆಪರೇಷನ್. ಹೊರಡುವ ಮುನ್ನ ಅವರು ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟು, ಇಪ್ಪತ್ತು ದಿನ ಇದು ನಿನ್ನದು ಎಂದರು. ಒಂದು ದಿನವೂ ತಪ್ಪಬಾರದು, ಪೆನ್ನಿನಲ್ಲೇ ಬರೆಯಬೇಕು, ಕನ್ನಡದಲ್ಲೇ ಬರೆಯಬೇಕು ಎಂದು ಮೂರು ಮಾತು ಹೇಳಿದರು. ಮೊದಲನೆಯದನ್ನೂ ಮೂರನೆಯದನ್ನೂ ಪಾಲಿಸಿದೆ. ಹೊಸದಾಗಿ ಕಲಿತ ಅಕ್ಷರ ತಪ್ಪಾಗಬಹುದೆಂದು ಹೆದರಿ ಪೆನ್ಸಿಲ್ ಹಿಡಿದೆ.

ಅವರು ಹೋದ ಎರಡನೇ ವಾರದ ಒಂದು ಮಂಗಳವಾರ ಮಧ್ಯಾಹ್ನ ಹಿಡಿದ ಮಳೆ ಬೆಳಗಿನವರೆಗೂ ಬಿಡಲಿಲ್ಲ. ಬಾವಿಯ ಮೇಲೆ ತಗಡಿನ ಚಾವಣಿ ಇದ್ದುದರಿಂದ ಅಳತೆಗೆ ತೊಂದರೆಯಾಗಲಿಲ್ಲ. ತಾರಸಿಗೆ ಹೋಗಲು ಮಾತ್ರ ಅಜ್ಜಿ ಬಿಡಲಿಲ್ಲ. "ಪಾಸಿ ಕಟ್ಟಿದೆ, ವಳುಕ್ಕಿ ಬಿದ್ರೆ ಸೊಂಟ ಮುರೀತದಡಿ" ಎಂದು ಪಾಚಿಗೆ ಹೆದರಿ ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿದಳು. ಬುಧವಾರ ಮಳೆ ನಿಂತಿತ್ತು, ಆದರೆ ಚಿಲಕ ತೆಗೆಯಲಿಲ್ಲ. ಆ ಸಂಜೆ ಬಾವಿಯಲ್ಲಿ ನೀರು ಒಂದೂವರೆ ಅಡಿ ಮೇಲೆ ಬಂದಿತ್ತು. ಗುರುವಾರ ಬಿಸಿಲು ಬಿದ್ದ ಮೇಲೆ ತಾರಸಿಗೆ ಹೋಗಿ ಬಾಟಲಿ ನೋಡಿ, ಗುರುವಾರದ ಪುಟದಲ್ಲಿ, ನನಗೆ ಬರುತ್ತಿದ್ದ ಕನ್ನಡದಲ್ಲಿ ಬರೆದೆ: 'ಮುಂದಾನಾಳು ಮಳೆ. ಮೂರು ಗೆರೆ.' ಮುಂದಿನ ವಾರವೂ ಹೀಗೇ ಆಯಿತು. ಆಗಲೂ ಹಾಗೇ ಬರೆದೆ.

ವಸುಮತಿ ಅಕ್ಕ ಹಿಂದಿರುಗಿದಾಗ ಸೊರಗಿದ್ದರು. ತಂದೆ ಗುಣಮುಖರಾಗುತ್ತಿದ್ದಾರೆ ಎಂದು ಅಮ್ಮನಿಗೆ ಹೇಳಿ, ಕಾಪಿ ಕುಡಿದು, ನೋಟ್‌ಬುಕ್ಕು ಬಿಡಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಪೆನ್ಸಿಲ್ ಕಂಡು ಹುಬ್ಬೇರಿಸಿದರು. ಒಂದೊಂದೇ ಪುಟ ತಿರುವುತ್ತಾ ಬಂದವರು ಆ ಗುರುವಾರದ ಪುಟದಲ್ಲಿ ನಿಂತರು.

"ಮುಂದಾನಾಳು! ಎಷ್ಟು ಚೆನ್ನಾಗಿದೆ ನಿನ್ನ ಕನ್ನಡ. ಮುಂದಿನ ದಿನ ಅಂತ ತಾನೆ?"

"ಆಮಾ ಅಕ್ಕಾ, ಮುಂದಾನಾಳು" ಎಂದು ತಲೆಯಾಡಿಸಿದೆ.

"ನೋಡಿದ್ದೇ ಬರೆದಿದೀಯಲ್ಲ? ಯಾರೋ ಹೇಳಿದ್ದಲ್ಲವಲ್ಲ?"

"ನಾನೇ ನೋಡಿದ್ದು. ಬಾಟ್ಲಿಲಿ."

ಅವರು ಮತ್ತೆ ಹಿಂದಿನ ಪುಟಕ್ಕೆ ಹೋದರು, ಮುಂದಿನದಕ್ಕೆ ಬಂದರು. ಅದರ ಮರುವಾರದ ಪುಟ ತೆಗೆದರು. ಲೋಟದಲ್ಲಿ ಉಳಿದ ಕಾಪಿ ಆರಿ ಕೆನೆ ಕಟ್ಟಿತು. ಆಮೇಲೆ ನೋಟ್‌ಬುಕ್ಕು ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದರು.

ಅವರಿಗೆ ಕಂಡದ್ದು ಇದು. ನಗರದ ಪಡುವಣ ಭಾಗದಲ್ಲಿ ಮಂಗಳವಾರ ಮಳೆಯಾಗಿದೆ, ಪತ್ರಿಕೆಯಲ್ಲೂ ಬಂದಿದೆ. ಮೈಲಾಪೂರದ ಪುಟದಲ್ಲಿ ಆ ದಿನ ಮಳೆಯ ಲೆಕ್ಕವಿಲ್ಲ. ಬುಧವಾರ ನಮ್ಮ ಬಾವಿ ಏರಿದೆ. ಶುಕ್ರವಾರದ ಪುಟದಲ್ಲಿ ಮಳೆಯ ಜಾಗ ಖಾಲಿಯಿದ್ದುದರಿಂದ, ಆ ದಿನದ ಲೆಕ್ಕವನ್ನು ನಾನು ಗುರುವಾರದ ಪುಟದಲ್ಲೇ ಸೇರಿಸಿದ್ದೇನೆ ಎಂದುಕೊಂಡರು: ಮಳೆ ಬಂದದ್ದು ಗುರುವಾರದ ಮುಂದಿನ ದಿನ, ಶುಕ್ರವಾರ. ಅಂದರೆ ಮಳೆಗಿಂತ ಎರಡು ದಿನ ಮೊದಲೇ ಬಾವಿಗೆ ನೀರು ಬಂದಿದೆ. ಚೆನ್ನೈಯಲ್ಲಿ ಒಂದು ಬಡಾವಣೆಯಲ್ಲಿ ಸುರಿದ ಮಳೆ ಇನ್ನೊಂದರಲ್ಲಿ ಇಲ್ಲದಿರುವುದು ಹೊಸದೇನಲ್ಲ, ಹಾಗಾಗಿ ಅದರಲ್ಲಿ ಅವರಿಗೆ ಅನುಮಾನ ಬರಲಿಲ್ಲ. ಒಂದು ಸಲವಾಗಿದ್ದರೆ ಆಕಸ್ಮಿಕ ಎಂದು ಬಿಡುತ್ತಿದ್ದರೇನೋ. ಎರಡು ಸಲ ಆಗಿತ್ತು.

ಆ ಸಂಜೆ ತಾರಸಿಯ ಮೇಲೆ ನಕ್ಷೆಯೊಂದನ್ನು ಹರಡಿ, ಹಾರದಂತೆ ನಾಲ್ಕು ಮೂಲೆಗೂ ಪಾತ್ರೆ ಇಟ್ಟು ನನಗೆ ವಿವರಿಸಿದರು. ಬಹಳ ಹಿಂದೆ ಪಡುವಣದ ಪೋರೂರಿನ ಕಡೆಯಿಂದ ಇತ್ತ ಹರಿಯುತ್ತಿದ್ದ ನದಿಯೊಂದು ಮಣ್ಣು ಮುಚ್ಚಿ ಮರೆಯಾಗಿರಬಹುದು. ಅದರ ಮರಳಿನ ಹಾದಿ ನೆಲದಡಿ ಹಾಗೇ ಉಳಿದಿರಬಹುದು. ಪಡುವಣದಲ್ಲಿ ಸುರಿದ ಮಳೆ ಆ ಹಾದಿ ಹಿಡಿದು ನಮ್ಮ ಮನೆಯ ಕೆಳಗೆ ಬರುತ್ತಿರಬಹುದು. ಪ್ರತಿ ಸಲವೂ 'ಇರಬಹುದು' ಎಂದೇ ಹೇಳಿದರು. ಅವರ ಬೆರಳು ಮಾತ್ರ 'ಇದೆ' ಎಂಬಂತೆ ನಕ್ಷೆಯ ಮೇಲೆ ಓಡುತ್ತಿತ್ತು.

"ನಮಗೆ ಪ್ರೈಜ್ ಕೊಡ್ತಾರಾ ಅಕ್ಕಾ?" ಎಂದು ಕೇಳಿದೆ.

"ಪ್ರೈಜಾ? ಇದು ಸುಳ್ಳಾಗದೆ ಉಳಿದ್ರೆ ಸಾಕು ಮಾರಾಯ್ತಿ" ಎಂದು ನಕ್ಕರು. ಆಮೇಲೆ ಕೆಳಗೆ ಬೀದಿಯತ್ತ ನೋಡುತ್ತಾ ಹೇಳಿದರು: "ಇಷ್ಟು ಲಕ್ಷ ಜನ ಇದರ ಮೇಲೇ ಓಡಾಡ್ತಿದಾರೆ, ಮಾಧು. ಯಾರಿಗೂ ಗೊತ್ತಿಲ್ಲ. ಈಗ, ಈ ನಿಮಿಷಕ್ಕೆ, ನನಗೆ ಗೊತ್ತು, ನಿನಗೆ ಗೊತ್ತು. ಅಷ್ಟೇ. ನನ್ನ ಕೈ ಮುಟ್ಟಿ ನೋಡು."

ಮುಟ್ಟಿ ನೋಡಿದೆ. ಸೆಖೆಯ ಸಂಜೆಯಲ್ಲೂ ಅವರ ಕೈ ತಣ್ಣಗಿತ್ತು.

ವಿಜ್ಞಾನಿಗಳು ಹೊಸದೊಂದು ಸಿಕ್ಕಾಗ ಯಾಕೆ ಅಷ್ಟು ಹಿಗ್ಗುತ್ತಾರೆ ಎಂದು ಈಗ ಪತ್ರಿಕೆಯಲ್ಲಿ ನನ್ನ ಸಹೋದ್ಯೋಗಿಗಳು ಕೇಳುವುದುಂಟು. ಹೆಸರಿಗೆ, ಬಡ್ತಿಗೆ, ಅನುದಾನಕ್ಕೆ ಎಂದು ಅವರೇ ಉತ್ತರವನ್ನೂ ಹೇಳಿಕೊಳ್ಳುತ್ತಾರೆ. ಅದೂ ಇರಬಹುದು. ನಾನು ಹತ್ತಿರದಿಂದ ಕಂಡದ್ದು ಆ ತಣ್ಣಗಿನ ಕೈಯನ್ನು. ಆ ಹಿಗ್ಗಿನೊಳಗೆ ಅಷ್ಟೇ ದೊಡ್ಡ ಹೆದರಿಕೆಯಿತ್ತು. ಮರುದಿನದಿಂದ ವಸುಮತಿ ಅಕ್ಕ ಮಾಡಿದ್ದೆಲ್ಲ ತಮ್ಮ ನದಿಯನ್ನು ಸುಳ್ಳು ಮಾಡುವ ಕೆಲಸ. ಟೇಪು ಹಿಗ್ಗಿದೆಯೇ ಎಂದು ಇನ್ನೊಂದು ಟೇಪಿನ ಪಕ್ಕ ಇಟ್ಟು ನೋಡಿದರು. ಪಕ್ಕದ ಮನೆಯವರು ಆ ವಾರ ಪಂಪು ಹಾಕದೆ ಬಿಟ್ಟಿದ್ದರೇ, ರಸ್ತೆಯ ಕೊಳವೆ ಒಡೆದಿತ್ತೇ ಎಂದು ಮನೆಮನೆಗೆ ಹೋಗಿ ಕೇಳಿದರು. ಬಾಟಲಿಗೆ ಯಾರಾದರೂ ನೀರು ಸುರಿದಿರಬಹುದೇ ಎಂದು ಅಮ್ಮನನ್ನೂ ಬಿಡಲಿಲ್ಲ. ಮಳೆ ಯಾವತ್ತು ಬಂತು ಎಂದೂ ಬೀದಿಯವರನ್ನು ವಿಚಾರಿಸಿದರು. ಐಪ್ಪಸಿಯಲ್ಲಿ ಯಾವ ದಿನ ಮಳೆ ಬಂತೆಂದು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ಎಲ್ಲರೂ ನಕ್ಕರು. ಒಂದೊಂದು ಅನುಮಾನ ಬಿದ್ದುಹೋದಾಗಲೂ ಅವರ ಮುಖ ಬೆಳಗುತ್ತಿತ್ತು. ಅವರು ಪರೀಕ್ಷಿಸದೆ ಬಿಟ್ಟದ್ದು ನಾನು ಬರೆದ ಒಂದು ಪದವನ್ನು.

ನನಗಂತೂ ನೆಲದ ಮೇಲೆ ಕಾಲಿಡುವುದೇ ಬೇರೆಯಾಗಿತ್ತು. ಊಟದ ಕೋಣೆಯಲ್ಲಿ ಅಡ್ಡ ಮಲಗಿ ಕೆಂಪು ನೆಲಕ್ಕೆ ಕಿವಿ ಒತ್ತುತ್ತಿದ್ದೆ.

"ಅಲ್ಲೇನಡಿ ಕೇಳ್ತಿದೀ?" ಎಂದಳು ಅಜ್ಜಿ ಒಮ್ಮೆ.

"ನದಿ."

"ಎದ್ದು ಪಾಠ ಓದು. ನದಿಯಂತೆ."

ಜನವರಿಯಲ್ಲಿ, ಪೊಂಗಲ್‌ಗೆ ಮುಂಚೆ, ಸಂಸ್ಥೆಯ ಹಿರಿಯರ ಮುಂದೆ ಇದನ್ನು ಮಂಡಿಸುವುದೆಂದು ನಿಗದಿಯಾಯಿತು. ವಸುಮತಿ ಅಕ್ಕನ ಯೋಜನೆ ಮಾರ್ಚ್‌ಗೆ ಮುಗಿಯುತ್ತಿತ್ತು. ಇದನ್ನು ಹಿರಿಯರು ಒಪ್ಪಿಕೊಂಡರೆ ಇನ್ನೂ ಮೂರು ವರ್ಷ ಕೆಲಸ ಸಿಗುವ ಮಾತಿದೆ ಎಂದು ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ವರದಿಯ ಕೊನೆಯಲ್ಲಿ ಅಳತೆ ಮಾಡಿದವರ ಹೆಸರು ಹಾಕುತ್ತಾರಂತೆ, ಅಲ್ಲಿ ನನ್ನ ಹೆಸರೂ ಇರುತ್ತದಂತೆ. ಅದನ್ನು ಶಾಲೆಯಲ್ಲಿ ಅರ್ಧ ತರಗತಿಗೆ ಹೇಳಿದ್ದೆ.

ಡಿಸೆಂಬರ್ ನಡುವಿನಲ್ಲಿ, ಮಾರ್ಗಳಿ ತಿಂಗಳ ರಂಗೋಲಿ ಕೋಲಗಳು ಬೀದಿಯ ಅಗಲಕ್ಕೂ ಹರಡುತ್ತಿದ್ದ ದಿನಗಳಲ್ಲಿ, ವಸುಮತಿ ಅಕ್ಕ ಪಾಲ್‌ಕೋವ ತಂದು ಎಲ್ಲರಿಗೂ ಹಂಚಿದರು. ಬಾವಿಗೆ ನೀರು ಬುಧವಾರ, ಮಳೆ ಶುಕ್ರವಾರ ಎಂದು ಅಜ್ಜಿಗೆ ತಿಳಿಯುವ ಹಾಗೆ ಹೇಳಿ ಮೇಲೆ ಹೋದರು. ಅಜ್ಜಿ ಅಡುಗೆಮನೆಯಲ್ಲಿ ಕೋವ ಬಾಯಿಗೆ ಹಾಕಿಕೊಳ್ಳುತ್ತಾ ಅಮ್ಮನಿಗೆ ಹೇಳಿದಳು:

"ಶುಕ್ರವಾರ ಎಲ್ಲಿಯ ಮಳೆ? ಶುಕ್ರವಾರ ನಾನು ಮೊಟ್ಟೆಮಾಡಿಲಿ ಅಕ್ಕಿ ಒಣಗಹಾಕಿದೆ. ಮಳೆ ಸುರಿದದ್ದು ಏಕಾದಶಿಗೆ. ಉಪವಾಸದ ಹೊಟ್ಟೇಲಿ ಇಡೀ ರಾತ್ರಿ ಗುಡುಗು ಕೇಳಿದೀನಿ. ಮರುದಿನ ದ್ವಾದಶಿಗೆ ಅಗಸೆ ಸೊಪ್ಪು ತರಕ್ಕೆ ಯಾರೂ ಹೋಗಲಿಲ್ಲ, ನೆಲ್ಲಿಕಾಯಿಲೇ ಮುಗಿಸಿದ್ವಿ."

"ಅವಳು ಓದಿದವಳು. ಅವಳಿಗೆ ಗೊತ್ತಿರಲ್ಲವಾ?" ಎಂದಳು ಅಮ್ಮ. ಮಾತು ಅಲ್ಲಿಗೆ ಮುಗಿಯಿತು.

ನಾನು ಬಾಗಿಲಲ್ಲಿದ್ದೆ. ಏಕಾದಶಿ ಮಂಗಳವಾರವಿತ್ತು. ಮಳೆ ಮಂಗಳವಾರವೇ ಬಂದದ್ದು, ನಾನು ಬರೆದದ್ದೂ ಅದನ್ನೇ. ಹಾಗಾದರೆ ಅಕ್ಕನಿಗೆ ಶುಕ್ರವಾರ ಎಲ್ಲಿಂದ ಬಂತು? ಆಗ ಅರ್ಥವಾಗಲಿಲ್ಲ. ಎರಡು ದಿನದ ನಂತರ ಪಾಠದಲ್ಲಿ ಅರ್ಥವಾಯಿತು.

ಆ ಸಂಜೆಯ ಪಾಠದಲ್ಲಿ ಒಂದು ವಾಕ್ಯವಿತ್ತು: 'ಮುಂದಿನ ವಾರ ನಾವು ಊರಿಗೆ ಹೋಗುತ್ತೇವೆ.' ಓದಿದೆ. ಅರ್ಥ ಹೇಳು ಎಂದರು. ಕಳೆದ ವಾರ ಹೋಗ್ತೀವಿ ಅಂದ್ರೆ ಹೇಗೆ ಅಕ್ಕಾ, ಪುಸ್ತಕದಲ್ಲಿ ತಪ್ಪಿದೆ ಎಂದೆ. ಅವರು ಬೆನ್ನು ತಟ್ಟಿ ನಕ್ಕು, ಮುಂದಿನ ವಾರ ಎಂದರೆ ಇನ್ನು ಬರುವ ವಾರ ಎಂದು ವಿವರಿಸಿ, ಮೇಜಿನ ಮೇಲಿದ್ದ ತಮ್ಮ ಹಾಳೆಗಳಿಗೆ ಮರಳಿದರು.

ನಮ್ಮ ಮನೆಯಲ್ಲಿ 'ಮುಂದಿ' ಎಂದರೆ ತಮಿಳಿನ ಹಾಗೆ ಮೊದಲು, ಹಿಂದೆ ಆಗಿಹೋದದ್ದು. ಮುಂದಾನಾಳು ಎಂದರೆ ನಿನ್ನೆಗೂ ಹಿಂದಿನ ದಿನ. ಗುರುವಾರದ ಮುಂದಾನಾಳು ಮಂಗಳವಾರ. ಮೈಸೂರಿನ ಕಿವಿಗೆ ಅದು ಶುಕ್ರವಾರವಾಗಿತ್ತು. ಗೋಡೆಗೆ ಅಂಟಿಸಿದ್ದ ಲೆಕ್ಕದ ಚಿತ್ರದಲ್ಲಿ ಅವರು ನೀಲಿ ಬಣ್ಣದಲ್ಲಿ ಎಳೆದಿದ್ದ ಮಳೆಯ ಕಂಬ ಎದುರಿಗೇ ಇತ್ತು, ಮೂರು ದಿನ ಆಚೆಗೆ.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರು ತಲೆಯೆತ್ತಿ, "ಏನು ಪುಟ್ಟಾ?" ಎಂದರು. ನೀರು ಬೇಕು ಎಂದೆ.

ಮುಂದಿನ ದಿನಗಳನ್ನು ಸರಿಯಾಗಿ ಬರೆಯಬೇಕು. ನನ್ನ ಬಗ್ಗೆಯಾದರೂ ಅಷ್ಟು ನಿಷ್ಠೆ ಇರಬೇಕು. ಅಕ್ಕನಿಗೆ ನೋವಾಗುತ್ತದೆ ಎಂದು ನಾನು ಸುಮ್ಮನಿದ್ದೆ ಎಂದರೆ ಅದು ಅರ್ಧ ನಿಜ. ನನ್ನ ಹೆಸರು ಹೋಗುತ್ತದೆ ಎಂಬುದು ಇನ್ನರ್ಧ. ಹೊಟ್ಟೆನೋವು ಎಂದು ಮೂರು ದಿನ ಶಾಲೆಗೆ ಹೋಗಲಿಲ್ಲ, ಅಜ್ಜಿ ಓಮದ ಕಷಾಯ ಕುಡಿಸಿದಳು. ನೋವು ನಿಜವಾಗಿಯೂ ಇತ್ತು. ಮೂರನೇ ದಿನ ಮಧ್ಯಾಹ್ನ ವಸುಮತಿ ಅಕ್ಕ ಕಚೇರಿಗೆ ಹೋಗಿದ್ದಾಗ ಮೇಲೆ ಹೋದೆ. ಕೋಣೆಗೆ ಬೀಗ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ನೋಟ್‌ಬುಕ್ಕು ತೆಗೆದು ಎರಡು ಪುಟಗಳಲ್ಲಿ 'ಮುಂದಾನಾಳು' ಎಂಬುದನ್ನು ರಬ್ಬರಿನಿಂದ ಅಳಿಸಿದೆ. ಆ ಜಾಗದಲ್ಲಿ 'ಮುಂದಿನ ದಿನ' ಎಂದು ಬರೆದೆ. ಇನ್ನು ಪುಸ್ತಕವೂ ಗೋಡೆಯ ಕಂಬವೂ ಒಂದೇ ಹೇಳುತ್ತವೆ, ನದಿ ಉಳಿಯುತ್ತದೆ ಎಂದುಕೊಂಡೆ. ರಬ್ಬರಿನ ಪುಡಿಯನ್ನು ಊದಿ, ನೆಲಕ್ಕೆ ಬಿದ್ದದ್ದನ್ನು ಕೈಯಲ್ಲಿ ಬಳಿದು, ಲಂಗದಲ್ಲಿ ಕಟ್ಟಿಕೊಂಡು ಕೆಳಗಿಳಿದೆ.



ಮಂಡನೆಯ ಹಿಂದಿನ ದಿನ ಸಂಜೆ ಅವರು ನನ್ನನ್ನು ಮೇಲೆ ಕರೆದರು. ಹಿರಿಯರಿಗೆ ತೋರಿಸಲು ಮೂಲ ಪುಟಗಳ ಜೆರಾಕ್ಸ್ ಮಾಡಿಸಲು ಹೊರಟಿದ್ದವರು, ಚಪ್ಪಲಿ ಮೆಟ್ಟಿದ ಕಾಲಿನಲ್ಲೇ ಮಂಚದ ಮೇಲೆ ಕೂತಿದ್ದರು. ನೋಟ್‌ಬುಕ್ಕು ತೊಡೆಯ ಮೇಲೆ ತೆರೆದಿತ್ತು.

"ಇಲ್ಲಿ ಮುಂದಾನಾಳು ಅಂತಿತ್ತಲ್ಲ ಮಾಧು? ನಾನು ಅದನ್ನ ಊರಲ್ಲಿ ಎಲ್ಲರಿಗೂ ಫೋನಲ್ಲಿ ಹೇಳಿ ನಕ್ಕಿದೀನಿ."

ನಾನು ಅವರ ಚಪ್ಪಲಿಯನ್ನೇ ನೋಡುತ್ತಿದ್ದೆ.

"ಈ 'ದಿ' ನೋಡು. ನವೆಂಬರಲ್ಲಿ ನಿನಗೆ ಇಷ್ಟು ದುಂಡಗೆ 'ದಿ' ಬರೆಯೋಕೆ ಬರ್ತಿರಲಿಲ್ಲ. ನಾನೇ ತಿದ್ದಿಸಿದ್ದು, ಮೊನ್ನೆ ಮೊನ್ನೆ. ಯಾಕೆ ಅಳಿಸಿದೆ?"

"ತಪ್ಪಾಗಿತ್ತು."

"ಏನು ತಪ್ಪಾಗಿತ್ತು?"

"ನೀವು ತಪ್ಪಾ ಓದಿದ್ರಿ ಅಕ್ಕಾ. ಮುಂದಾನಾಳು ಅಂದ್ರೆ ಮುಂದೆ ಬರೋದಲ್ಲ. ಆಗಿಹೋದದ್ದು. ನಿನ್ನೆಗೆ ಮುಂಚೆ."

ಅವರು ಅಳಿಸಿದ ಜಾಗದ ಮೇಲೆ ಬೆರಳಿಟ್ಟರು. "ಮೊನ್ನೆ" ಎಂದರು. ಆ ಪದ ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ, ನೀಲಿ ಕಂಬವನ್ನು ಕಣ್ಣಿನಲ್ಲೇ ಎತ್ತಿ ಹಿಂದಕ್ಕೆ ಇಟ್ಟವರಂತೆ ನೋಡಿ, ಮತ್ತೊಮ್ಮೆ, "ಮೊನ್ನೆ" ಎಂದರು. ಮಂಗ‍ಳವಾರ ಮಳೆ, ಬುಧವಾರ ಬಾವಿಗೆ ನೀರು. ಯಾವ ಊರಿನ ಯಾವ ಬಾವಿಯಲ್ಲೂ ನಡೆಯುವಂಥದ್ದು.

ಅಳುತ್ತಾರೆ ಅಥವಾ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ನಾನೂ ಕೇಳಬೇಕಿತ್ತು" ಎಂದರು. "ನನಗೆ ಬೇಕಾಗಿದ್ದ ಉತ್ತರ ಬಂತು ಅಂತ ಅಲ್ಲಿಗೇ ನಿಲ್ಲಿಸಿಬಿಟ್ಟೆ." ಅಷ್ಟು ಹೊತ್ತಿಗೆ ನನಗೆ ಅಳು ಬಂದಿತ್ತು. ಅವರು ತಮ್ಮ ಕರವಸ್ತ್ರ ಕೊಟ್ಟರು. ಎಲ್ಲ ಮುಗಿಯಿತು, ಕ್ಷಮಿಸಿದರು ಎಂದು ನಾನು ಮೂಗು ಒರೆಸಿಕೊಳ್ಳುತ್ತಿದ್ದಾಗ ಕೇಳಿದರು:

"ಇನ್ನೇನೇನು ಅಳಿಸಿದೀಯ?"

"ಇವೆರಡೇ ಅಕ್ಕಾ."

"ಎರಡೇ ಅಂತ ನಾನು ಹೇಗೆ ನಂಬಲಿ?"

ಗದರಿಸುವ ದನಿಯಲ್ಲಿ ಕೇಳಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿ ಕೇಳಿದ್ದರು. ಬಾವಿಯ ಲೆಕ್ಕವೆಲ್ಲ ನಿಜ, ದೇವರಾಣೆ ನಿಜ ಎಂದೆ. ಇರಬಹುದು ಪುಟ್ಟಾ ಎಂದರು. ಆಮೇಲೆ ಪೆನ್ನು ತೆಗೆದು, ನಾನು ಬರೆದ ಇಪ್ಪತ್ತು ಪುಟಗಳಿಗೂ ಒಂದೊಂದಾಗಿ, ಕೆಳಗಿನ ಬರಹ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ರುಜು ಮಾಡಿದರು. ಇಪ್ಪತ್ತು ಸಲ. ನಾನು ನಿಂತು ನೋಡಿದೆ. ತಿದ್ದಬೇಕಾದರೆ ಹೀಗೆ ತಿದ್ದಬೇಕು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಪಾಠ ಇನ್ನೂ ನಡೆಯುತ್ತಿದೆ ಎಂದಾದರೂ ಅನಿಸುತ್ತಿತ್ತು.

ಮರುದಿನ ಅವರು ಸಂಸ್ಥೆಯಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಮಧ್ಯಾಹ್ನವೇ ಮನೆಗೆ ಬಂದು, ಗೋಡೆಯ ಚಿತ್ರ ಇಳಿಸಿ ಸುರುಳಿ ಸುತ್ತಿ ಮಂಚದ ಕೆಳಗೆ ಹಾಕಿದರು. ಯಾರ ಹತ್ತಿರವೂ ನನ್ನ ವಿಷಯ ಎತ್ತಲಿಲ್ಲ. ಅಜ್ಜಿಗೂ ಅಮ್ಮನಿಗೂ ಕೊನೆಯ ತನಕ ತಿಳಿಯಲಿಲ್ಲ. ಅಕ್ಷರಪಾಠ ನಿಲ್ಲಲಿಲ್ಲ, ಒತ್ತಕ್ಷರ ಮುಗಿಸಿ ಪದ್ಯಕ್ಕೆ ಬಂದೆವು. ಆದರೆ ನಾಲ್ಕೂವರೆಗೆ ಬಾವಿಯ ಕಟ್ಟೆಯ ಹತ್ತಿರ ಅವರೇ ಇರುತ್ತಿದ್ದರು. ಅದಕ್ಕಾಗಿ ಕಚೇರಿಯಿಂದ ಬೇಗ ಬರುತ್ತಿದ್ದರು. ಬರಲಾಗದ ದಿನ ಬೆಳಿಗ್ಗೆ ಹೋಗುವ ಮುನ್ನ ಅಳೆಯುತ್ತಿದ್ದರು. ಒಂದೆರಡು ಸಲ ನಾನು ಹಿತ್ತಿಲ ಬಾಗಿಲವರೆಗೆ ಹೋದೆ. "ಬಾ ಮಾಧು" ಎಂದು ನಗುತ್ತಲೇ ಕರೆದರು. ಟೇಪು ಮಾತ್ರ ಅವರ ಕೈಯಲ್ಲೇ ಇತ್ತು.

ಮಾರ್ಚ್‌ನಲ್ಲಿ ಯೋಜನೆ ಮುಗಿಯಿತು, ಅವರು ಹೊರಟರು. ಆ ನದಿ ಉಳಿದಿದ್ದರೆ ಕೆಲಸವೂ ಉಳಿಯುತ್ತಿತ್ತೇ ಎಂಬುದಕ್ಕೆ ನನ್ನ ಹತ್ತಿರ ಆಧಾರವಿಲ್ಲ, ಆದ್ದರಿಂದ ಬರೆಯುವುದಿಲ್ಲ. ಕೆಲವು ವರ್ಷ ದೀಪಾವಳಿಗೆ ಕಾಗದ ಬರೆಯುತ್ತಿದ್ದರು, ನಾನು ಅವರು ಕಲಿಸಿದ ಕನ್ನಡದಲ್ಲಿ ಉತ್ತರಿಸುತ್ತಿದ್ದೆ. ಆಮೇಲೆ ಅದು ನಿಂತಿತು. ನಿಲ್ಲಿಸಿದವಳು ನಾನು.

ನಾನು ಈಗ ಇದೇ ಊರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೇನೆ. ವಿಜ್ಞಾನದ ಸುದ್ದಿಗಳು ನನ್ನ ಮೇಜಿಗೆ ಬರುತ್ತವೆ. ಹೊಸದೇನೋ ಸಿಕ್ಕಿದ ಸಂಶೋಧಕರು ಫೋನ್ ಮಾಡಿದರೆ ಮೊದಲ ವಾಕ್ಯದಲ್ಲೇ ನನಗೆ ಗೊತ್ತಾಗುತ್ತದೆ, ದನಿ ಮೆಟ್ಟಿಲು ಹಾರಿಕೊಂಡು ಬರುತ್ತಿರುತ್ತದೆ. ನಾನು ತಣ್ಣಗೆ ಕೇಳುತ್ತೇನೆ: ಅಳೆದವರು ಯಾರು, ಬರೆದವರು ಯಾರು, ಯಾವ ಭಾಷೆಯಲ್ಲಿ ಬರೆದರು? ಕೊನೆಯ ಪ್ರಶ್ನೆ ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ. ಮರುದಿನ ಸುದ್ದಿ ಸರಿಯಾಗಿ ಬಂದಿರುತ್ತದೆ. ಆ ಮನುಷ್ಯ ಮತ್ತೆ ನನಗೆ ಫೋನ್ ಮಾಡುವುದಿಲ್ಲ.

ನಮ್ಮ ಬೀದಿಯಲ್ಲಿ ಈಗ ಬಾವಿಗಳಿಲ್ಲ. ಒಂದೊಂದೇ ಮನೆ ಫ್ಲ್ಯಾಟಾಗುತ್ತಾ ಬಂದಂತೆ ಮಣ್ಣು ತುಂಬಿಸಿದರು. ನಮ್ಮದರ ಮೇಲೆ ಕಾರು ನಿಲ್ಲುತ್ತದೆ. ವೇಲಚೇರಿಯ ಕಡೆ ನೀರು ನುಗ್ಗಿದ ವರ್ಷ, ಈ ಊರಿನ ನೆಲದಡಿ ನೀರು ಹೇಗೆ ಹೋಗುತ್ತಿತ್ತು ಎಂಬುದಕ್ಕೆ ಹಳೆಯ ಅಳತೆಗಳೇನಾದರೂ ಇವೆಯೇ ಎಂದು ವರದಿಯೊಂದಕ್ಕಾಗಿ ಹುಡುಕುತ್ತಿದ್ದೆ. ಒಂದು ಗ್ರಂಥಾಲಯದಲ್ಲಿ ವಸುಮತಿ ಅಕ್ಕನ ಯೋಜನೆಯ ಕೊನೆಯ ವರದಿ ಸಿಕ್ಕಿತು. ಅದರಲ್ಲಿ ನದಿಯ ಮಾತಿಲ್ಲ. ಹಿಂದಿನ ಪುಟಗಳಲ್ಲಿ ಬಾವಿಗಳ ಅಳತೆ ಇತ್ತು, ನಮ್ಮದು ಮೂರನೆಯದು. ಬೆರಳಿಟ್ಟು ಕೆಳಗೆ ಬಂದೆ. ನವೆಂಬರ್‌ನಲ್ಲಿ ಅಂಕಿಗಳ ಜಾಗದಲ್ಲಿ ಇಪ್ಪತ್ತು ಸಣ್ಣ ಗೆರೆಗಳಿದ್ದವು. ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಟಿಪ್ಪಣಿ: ಈ ದಿನಗಳಲ್ಲಿ ಅಳೆಯುವವರು ಯಾರೂ ಇರಲಿಲ್ಲ.

ಲೆಕ್ಕ ಅಳಿಸಿದವಳು ಎಂಬ ಮಾತಿನಿಂದ ನನ್ನನ್ನು ಉಳಿಸಲೆಂದೇ ಅವರು ಹಾಗೆ ಬರೆದಿರಬೇಕು. ಆ ವರದಿಯಲ್ಲಿ ನಿಜವಲ್ಲದ್ದು ಅದೊಂದೇ ಸಾಲು ಎಂದು ನನಗೆ ಗೊತ್ತು. ಆದರೆ ಅದನ್ನು ತೋರಿಸಿಕೊಡಲು ನನ್ನ ಹತ್ತಿರ ಏನೂ ಇಲ್ಲ. ಒಂದೂವರೆ ಅಡಿ ಏರಿದ ಆ ಬುಧವಾರದ ನೀರನ್ನು ನಾನು ಕಣ್ಣಾರೆ ಕಂಡಿದ್ದೆ, ಸರಿಯಾಗಿಯೇ ಬರೆದಿದ್ದೆ. ಅಲ್ಲಿ ಯಾರೂ ಇರಲಿಲ್ಲ ಎಂದು ದಾಖಲೆ ಹೇಳುತ್ತದೆ. ನಾನು ಇದ್ದೆ, ಇಪ್ಪತ್ತು ದಿನವೂ, ನಾಲ್ಕೂವರೆಗೆ.